ಒಂದೇ ಕಾರು ಒಂದು ಪತ್ರಿಕೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆ: ಸ್ಪೋರ್ಟ್ಸ್ ಕಾರುಗಳನ್ನು ತೂಗುವುದು ಹೇಗೆ?

ನನ್ನ ಅಕ್ಕನ ಮಗ ದುಬೈಯಲ್ಲಿ ಕೆಲಸದಲ್ಲಿದ್ದಾನೆ. ಕಳೆದ ತಿಂಗಳು ರಜೆಗೆ ಉಡುಪಿಗೆ ಬಂದವನು ರಾತ್ರಿ ಊಟ ಮುಗಿಸಿ ಚಾವಡಿಯಲ್ಲಿ ಕೂತು ಮೊಬೈಲ್ ನನ್ನ ಕೈಗೆ ಕೊಟ್ಟ. ಏಳು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಅಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತೆಗೆದುಕೊಳ್ಳಬೇಕೆಂದು ಅವನ ಆಸೆ. ಅವನು ಮೆಚ್ಚಿದ ಕಾರನ್ನು ಇನ್ನೆರಡರ ಜೊತೆ ಹೋಲಿಸಿ ನೋಡಿದ ಎರಡು ಪತ್ರಿಕೆಗಳ ಪುಟ ಮೊಬೈಲಿನಲ್ಲಿತ್ತು. ಒಂದರಲ್ಲಿ ಆ ಕಾರಿಗೆ ಮೊದಲ ಸ್ಥಾನ. ಇನ್ನೊಂದರಲ್ಲಿ ಮೂರನೆಯದು, ಅಂದರೆ ಕೊನೆಯದು.

"ಮಾಮ, ಇದರಲ್ಲಿ ಸುಳ್ಳು ಹೇಳುವುದು ಯಾರು?" ಅಂತ ಕೇಳಿದ.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಭಾರತದಲ್ಲಿ 1990ರ ದಶಕದ ಕೊನೆಗೆ ಓವರ್‌ಡ್ರೈವ್, ಆಟೋಕಾರ್ ಇಂಡಿಯಾ ಪತ್ರಿಕೆಗಳು ಶುರುವಾದಾಗಿನಿಂದ ನಾನು ಇಂಥ ಹೋಲಿಕೆಗಳನ್ನು ಓದುತ್ತ ಬಂದಿದ್ದೇನೆ. ಅಂಕೆಗಳ ಪಟ್ಟಿಯಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ನೋಡಿ ಮುಂದೆ ಹೋದರೆ ಇಂಥ ಗೊಂದಲ ಆಗುವುದೇ. ಒಂದೊಂದು ಅಂಕೆಯ ಹಿಂದೆಯೂ ಒಂದು ರಸ್ತೆ ಉಂಟು, ಒಬ್ಬ ಚಾಲಕ, ನಾಲ್ಕು ಟಯರು, ಆ ದಿನದ ಹವೆ ಉಂಟು. ಅವು ಗೊತ್ತಾದರೆ ಎರಡು ಪತ್ರಿಕೆಗಳೂ ಅರ್ಥವಾಗುತ್ತವೆ. ಆ ರಾತ್ರಿ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಸ್ಪೋರ್ಟ್ಸ್ ಕಾರು ಎಂದರೆ ಯಾವುದು?

ವೇಗವಾಗಿ ಓಡುವ ಕಾರುಗಳೆಲ್ಲ ಸ್ಪೋರ್ಟ್ಸ್ ಕಾರಲ್ಲ. ಮನೆಮಂದಿಯನ್ನು, ಸಾಮಾನನ್ನು ಹೊರುವುದಕ್ಕಿಂತ ಓಡಿಸುವವನ ಸಂತೋಷವನ್ನೇ ಮುಂದಿಟ್ಟು ಕಟ್ಟಿದ ಕಾರಿಗೆ ಆ ಹೆಸರು. ಮಾಜ್ದಾ ಎಂಎಕ್ಸ್-5 ಕಾರಿನ ತೂಕ ಒಂದು ಟನ್ನಿನ ಆಸುಪಾಸು, ಶಕ್ತಿ ಸಾಧಾರಣ, ಸೀಟು ಎರಡೇ. 1989ರಿಂದ ಇಂದಿನವರೆಗೂ ಪತ್ರಿಕೆಗಳು ಅದನ್ನು ಮೆಚ್ಚುತ್ತಲೇ ಇವೆ. ಇಂದಿನ ಪೋರ್ಷೆ 911 ಜಿಟಿ3 ಕಾರಿಗೆ 500 ಅಶ್ವಶಕ್ತಿಗೂ ಮೇಲೆ ಬಲ, ಎಂಜಿನ್ ನಿಮಿಷಕ್ಕೆ 9,000 ಸುತ್ತಿನವರೆಗೆ ತಿರುಗುತ್ತದೆ. ಎರಡೂ ಸ್ಪೋರ್ಟ್ಸ್ ಕಾರುಗಳೇ. ಆದರೆ ಇವೆರಡನ್ನು ಯಾರೂ ಎದುರುಬದುರು ನಿಲ್ಲಿಸುವುದಿಲ್ಲ.

ಕಾರಣ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಕಂಬಳದಲ್ಲಿ ಕೋಣಗಳ ಹಲ್ಲು ನೋಡಿ ವಯಸ್ಸು ತೀರ್ಮಾನಿಸಿ ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಬೇರೆ ಬೇರೆ ವಿಭಾಗ ಮಾಡುತ್ತಾರಲ್ಲ, ಪತ್ರಿಕೆಯವರ ಮೊದಲ ಕೆಲಸವೂ ಅದೇ. ಬೆಲೆ, ಶಕ್ತಿ, ಸೀಟು, ಎಂಜಿನ್ ಇರುವ ಜಾಗ ನೋಡಿ ಸರಿಸಮವಾದ ಮೂರು ನಾಲ್ಕು ಕಾರುಗಳ ಗುಂಪು ಕಟ್ಟುತ್ತಾರೆ. ಈ ಆಯ್ಕೆ ತಪ್ಪಿದರೆ ಮುಂದಿನ ಪರೀಕ್ಷೆಯೆಲ್ಲ ವ್ಯರ್ಥ.

ಸೊನ್ನೆಯಿಂದ ನೂರು: ಎಲ್ಲರೂ ಮೊದಲು ನೋಡುವ ಅಂಕೆ

ನಿಂತ ಕಾರು ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು? ಇದು ಬಹಳ ಸುಲಭದ ಅಳತೆಯಂತೆ ಕಾಣುತ್ತದೆ. ಹೆಚ್ಚು ಮೋಸಹೋಗುವುದೂ ಇಲ್ಲೇ.

2020ರ ಫೆಬ್ರವರಿಯಲ್ಲಿ ಐಕಳ ಕಂಬಳದ ಸುದ್ದಿ ದೇಶವಿಡೀ ಹಬ್ಬಿದ್ದು ನೆನಪಿರಬಹುದು. ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಉದ್ದದ ಕರೆಯನ್ನು (ಕೆಸರಿನ ಓಟದ ಹಾದಿಯನ್ನು) 13.62 ಸೆಕೆಂಡಿನಲ್ಲಿ ಓಡಿದ್ದರು. ಯಾರೋ ಅದನ್ನು ಭಾಗಿಸಿ 100 ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಲೆಕ್ಕ ಸರಿ, ಹೋಲಿಕೆ ಸರಿಯಿಲ್ಲ. ನೂರು ಮೀಟರಿನ ಓಟದಲ್ಲಿ ನಿಂತಲ್ಲಿಂದ ವೇಗ ಹಿಡಿಯಲು ಹೋಗುವ ಹೊತ್ತು ಇಡೀ ಓಟದ ದೊಡ್ಡ ಪಾಲು. ಓಟ ಉದ್ದವಾದಷ್ಟೂ ಆ ಪಾಲು ಕರಗುತ್ತದೆ. ಕಂಬಳದಲ್ಲಿ ಓಟಗಾರನನ್ನು ಎಳೆಯಲು ಎರಡು ಕೋಣಗಳೂ ಇವೆ. ತಾನು ಓಡುವುದು ಕೆಸರುಗದ್ದೆಯಲ್ಲಿ ಎಂದು ಗೌಡರೇ ಹೇಳಿದ್ದರು. ಅವರ ಓಟದ ದೊಡ್ಡತನ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಅದು ಬೇರೆ ನೆಲದ, ಬೇರೆ ನಿಯಮದ ಓಟ, ಅಷ್ಟೇ.

ಕಾರುಗಳಲ್ಲೂ ಇದೇ ಆಗುತ್ತದೆ. ಅಮೆರಿಕದ ಪತ್ರಿಕೆಗಳು ಅಳೆಯುವುದು ಗಂಟೆಗೆ 60 ಮೈಲಿಯವರೆಗೆ. ಅದು 96.5 ಕಿ.ಮೀ. ಮಾತ್ರ. ಜೊತೆಗೆ ಅವರು ಗಡಿಯಾರ ಶುರುಮಾಡುವುದು ಕಾರು ಕದಲಿದ ಕ್ಷಣದಿಂದಲ್ಲ, ಒಂದು ಅಡಿ ಮುಂದೆ ಹೋದ ಮೇಲೆ. ಡ್ರ್ಯಾಗ್ ರೇಸಿನಲ್ಲಿ, ಅಂದರೆ ನಿಂತಲ್ಲಿಂದ ನೇರ ದಾರಿಯಲ್ಲಿ ಓಡುವ ಪಂದ್ಯದಲ್ಲಿ, ಮುಂದಿನ ಚಕ್ರ ಬೆಳಕಿನ ಗೆರೆಯನ್ನು ದಾಟಿದ ಮೇಲೆಯೇ ಸಮಯ ಶುರುವಾಗುತ್ತಿತ್ತು, ಆ ರೂಢಿ ಹಾಗೆಯೇ ಉಳಿಯಿತು. ಇದನ್ನು ರೋಲ್‌ಔಟ್ ಎನ್ನುತ್ತಾರೆ. ಒಂದು ಅಡಿಯಲ್ಲಿ ಏನು ಮಹಾ ಎನ್ನಿಸಬಹುದು. ಆದರೆ ಬಲವಾದ ಕಾರು ಆ ಒಂದು ಅಡಿಯೊಳಗೇ ಗಂಟೆಗೆ ಏಳೆಂಟು ಕಿ.ಮೀ. ವೇಗ ಹಿಡಿದಿರುತ್ತದೆ, ಸಮಯದಲ್ಲಿ 0.2ರಿಂದ 0.3 ಸೆಕೆಂಡು ಉಳಿಯುತ್ತದೆ. ಹಾಗಾಗಿ ಒಂದು ಪುಟದಲ್ಲಿ 3.4, ಇನ್ನೊಂದರಲ್ಲಿ 3.8 ಎಂದಿದ್ದರೆ ಆ ಕಾರು ಬದಲಾಗಿಲ್ಲ. ಗಡಿಯಾರ ಶುರುವಾದ ಜಾಗ, ನಿಂತ ಜಾಗ ಎರಡೂ ಬೇರೆ.

ಹಿಂದೆ ಈ ಅಳತೆಗೆ ಕಾರಿನ ಹಿಂಬದಿಗೆ ಸೈಕಲ್ ಚಕ್ರದಂಥ ಒಂದು ಚಕ್ರ ಕಟ್ಟುತ್ತಿದ್ದರು. ಐದನೆಯ ಚಕ್ರ ಎಂದೇ ಅದರ ಹೆಸರು. ಕಾರಿನ ಸ್ಪೀಡೋಮೀಟರ್ ಸಾಮಾನ್ಯವಾಗಿ ನಿಜವಾದ ವೇಗಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ, ಅದನ್ನು ನಂಬುವಂತಿರಲಿಲ್ಲ. ಈಗ ಆ ಚಕ್ರದ ಜಾಗಕ್ಕೆ ವಿಬಾಕ್ಸ್ ಬಂದಿದೆ. ಗಾಜಿನ ಮೇಲೋ ಛಾವಣಿಯ ಮೇಲೋ ಒಂದು ಪುಟ್ಟ ಆಂಟೆನಾ, ಒಳಗೆ ಒಂದು ಪೆಟ್ಟಿಗೆ. ಉಪಗ್ರಹಗಳ ಸಂಕೇತ ಹಿಡಿದು ಸೆಕೆಂಡಿಗೆ ನೂರು ಸಲದವರೆಗೆ ವೇಗವನ್ನು ಬರೆದಿಡುತ್ತದೆ. ಒಳ್ಳೆಯ ಪತ್ರಿಕೆ ಒಂದೇ ದಿಕ್ಕಿನಲ್ಲಿ ಓಡಿಸಿ ಬಿಡುವುದಿಲ್ಲ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅಳೆದು ಸರಾಸರಿ ತೆಗೆಯುತ್ತದೆ. ಗಾಳಿ ಹಿಂದಿನಿಂದ ತಳ್ಳಿದ್ದೂ, ರಸ್ತೆ ಕಣ್ಣಿಗೆ ಕಾಣದಷ್ಟು ಇಳಿಜಾರಾಗಿದ್ದೂ ಹಾಗೆ ಸರಿಹೋಗುತ್ತದೆ.

ಇನ್ನು ಹವೆ. ಎಂಜಿನ್ ಪೆಟ್ರೋಲನ್ನು ಸುಡಲು ಗಾಳಿಯ ಆಮ್ಲಜನಕ ಬೇಕು. 15 ಡಿಗ್ರಿ ಚಳಿಯ ಗಾಳಿಗಿಂತ 35 ಡಿಗ್ರಿ ಬಿಸಿಲಿನ ಗಾಳಿ ಶೇ. 6ರಿಂದ 7ರಷ್ಟು ತೆಳು. ಮಂಗಳೂರಿನ ಏಪ್ರಿಲ್ ತಿಂಗಳ ಸೆಕೆಯಲ್ಲಿ ನೀರಿನ ಆವಿಯೂ ಸೇರಿ ಆಮ್ಲಜನಕದ ಪಾಲು ಇನ್ನಷ್ಟು ಇಳಿಯುತ್ತದೆ. ಆದರೆ ನಾವಿರುವುದು ಸಮುದ್ರದ ಮಟ್ಟದಲ್ಲಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಹೆಚ್ಚುಕಮ್ಮಿ ಶೇ. 10 ಕಡಿಮೆ. ಟರ್ಬೊ ಇರುವ ಎಂಜಿನ್ ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವುದರಿಂದ ಈ ಕೊರತೆಯನ್ನು ಬಹಳ ಮಟ್ಟಿಗೆ ತುಂಬಿಕೊಳ್ಳುತ್ತದೆ. ಟರ್ಬೊ ಇಲ್ಲದ ಎಂಜಿನ್ ತುಂಬಿಕೊಳ್ಳಲಾರದು. ಅದಕ್ಕೇ ಕೆಲವು ಪತ್ರಿಕೆಗಳು ಅಳೆದ ಸಮಯವನ್ನು ಒಂದು ಗೊತ್ತಾದ ಉಷ್ಣತೆ, ಒತ್ತಡಕ್ಕೆ ಹೊಂದಿಸಿ ತಿದ್ದಿ ಪ್ರಕಟಿಸುತ್ತವೆ. ಕೆಲವು ಅಳೆದದ್ದನ್ನು ಅಳೆದಂತೆಯೇ ಕೊಡುತ್ತವೆ. ಎರಡೂ ಪ್ರಾಮಾಣಿಕ ಕ್ರಮಗಳೇ. ಯಾವುದೆಂದು ಓದುಗನಿಗೆ ತಿಳಿಸಿದ್ದರೆ ಸಾಕು.

ಬ್ರೇಕು

ಗಂಟೆಗೆ 100 ಕಿ.ಮೀ.ನಿಂದ ಪೂರ್ತಿ ನಿಲ್ಲಲು ಒಳ್ಳೆಯ ಸ್ಪೋರ್ಟ್ಸ್ ಕಾರಿಗೆ 32ರಿಂದ 36 ಮೀಟರ್ ಬೇಕು, ನಮ್ಮ ಮನೆಯ ಸಾಧಾರಣ ಕಾರಿಗೆ 40 ದಾಟುತ್ತದೆ. ವೇಗ ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ.

ಒಂದು ಸಲ ಹಿಡಿದು ನಿಲ್ಲಿಸಿದರೆ ಪರೀಕ್ಷೆ ಮುಗಿಯಲಿಲ್ಲ. ಶಿರಾಡಿ ಘಾಟಿ ಇಳಿದು ಬಂದ ಲಾರಿಯ ಪಕ್ಕ ನಿಂತರೆ ಒಂದು ಸುಟ್ಟ ವಾಸನೆ ಬರುತ್ತದಲ್ಲ, ಅದು ಕಾದ ಬ್ರೇಕಿನದು. ಕಾದ ಬ್ರೇಕಿಗೆ ಹಿಡಿತ ಇಳಿಯುತ್ತದೆ, ಪೆಡಲ್ ಕಾಲ ಕೆಳಗೆ ಮೆತ್ತಗಾಗುತ್ತದೆ. ಆದ್ದರಿಂದ ಪರೀಕ್ಷಕರು ಬೆನ್ನುಬೆನ್ನಿಗೆ ಹಲವು ಸಲ ಪೂರ್ಣ ಬಲದಿಂದ ನಿಲ್ಲಿಸಿ, ಮೊದಲ ದೂರಕ್ಕೂ ಕೊನೆಯ ದೂರಕ್ಕೂ ಎಷ್ಟು ವ್ಯತ್ಯಾಸ ಬಂತು ಎಂದು ನೋಡುತ್ತಾರೆ. ನನ್ನ ಮಟ್ಟಿಗೆ ಸೊನ್ನೆಯಿಂದ ನೂರರ ಅಂಕೆಗಿಂತ ಈ ವ್ಯತ್ಯಾಸ ಹೆಚ್ಚು ಮುಖ್ಯ. ಎರಡು ಕಾರುಗಳ ನಡುವೆ ತೂಗಾಡುವಾಗ ನಾನು ಮೊದಲು ಹುಡುಕುವುದು ಇದನ್ನೇ.

ತಿರುವಿನಲ್ಲಿ ಎಷ್ಟು ಹಿಡಿತ?

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಗದೆ ಕಂಬಿ ಹಿಡಿದು ನಿಂತವರಿಗೆಲ್ಲ ಇದು ಗೊತ್ತು. ಬಸ್ಸು ಬಲಕ್ಕೆ ತಿರುಗಿದರೆ ಮೈ ಎಡಕ್ಕೆ ವಾಲುತ್ತದೆ. ಹಾಗೆ ಬದಿಗೆ ಎಳೆಯುವ ಬಲವನ್ನು ಭೂಮಿಯ ಸೆಳೆತದೊಂದಿಗೆ ಹೋಲಿಸಿ 'ಜಿ' ಎಂದು ಅಳೆಯುತ್ತಾರೆ. 1 ಜಿ ಎಂದರೆ ನಿಮ್ಮ ಮೈತೂಕದಷ್ಟೇ ಬಲ ಬದಿಯಿಂದ ಎಳೆದಂತೆ. ಬಸ್ಸಿನಲ್ಲಿ ಅದರ ಸಣ್ಣದೊಂದು ಪಾಲಿಗೇ ನಾವು ಕಂಬಿಗೆ ಜೋತುಬೀಳುತ್ತೇವೆ. ಒಳ್ಳೆಯ ಸ್ಪೋರ್ಟ್ಸ್ ಕಾರು 1 ಜಿ ದಾಟುತ್ತದೆ.

ಇದನ್ನು ಅಳೆಯಲು ಸಮತಟ್ಟಾದ ಡಾಂಬರು ನೆಲದಲ್ಲಿ ಒಂದು ದೊಡ್ಡ ವೃತ್ತ ಬರೆಯುತ್ತಾರೆ. ಅದು ಸ್ಕಿಡ್‌ಪ್ಯಾಡ್. ಅಮೆರಿಕದ ಕಾರ್ ಆ್ಯಂಡ್ ಡ್ರೈವರ್ ಪತ್ರಿಕೆಯದು 300 ಅಡಿ ಅಗಲದ ವೃತ್ತ. ಅದರ ಗೆರೆ ಬಿಡದೆ ಗಂಟೆಗೆ 76 ಕಿ.ಮೀ. ವೇಗದಲ್ಲಿ ಸುತ್ತಿದರೆ ಸರಿಯಾಗಿ 1 ಜಿ. ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಫಾರ್ಮುಲಾ ಮಣಿಪಾಲ್ ತಂಡ ತಾವೇ ಕಟ್ಟಿದ ಕಾರನ್ನು ಒಯ್ಯುವ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗಳಲ್ಲೂ ಸ್ಕಿಡ್‌ಪ್ಯಾಡ್ ಒಂದು ವಿಭಾಗ. ಅಲ್ಲಿ ಎರಡು ಸಣ್ಣ ವೃತ್ತ ಜೋಡಿಸಿ ಎಂಟರ ಆಕಾರದಲ್ಲಿ ಓಡಿಸುತ್ತಾರೆ.

ಹಿಡಿತ ಮೀರಿದಾಗ ಕಾರು ಏನು ಮಾಡುತ್ತದೆ ಎಂಬುದಕ್ಕೆ ಪತ್ರಿಕೆಗಳಲ್ಲಿ ಎರಡು ಪದ ಪದೇಪದೇ ಬರುತ್ತವೆ. ಸ್ಟೀರಿಂಗ್ ತಿರುಗಿಸಿದರೂ ಕಾರಿನ ಮೂಗು ತಿರುಗದೆ ತಿರುವಿನ ಹೊರಕ್ಕೆ ಜಾರಿದರೆ ಅಂಡರ್‌ಸ್ಟಿಯರ್. ಮೂಗು ತಿರುಗಿ ಬಾಲ ಹೊರಕ್ಕೆ ಹಾರಿದರೆ ಓವರ್‌ಸ್ಟಿಯರ್. ಮಳೆಗಾಲದಲ್ಲಿ ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ನಾವು ಹೆದರುವುದು ಮೊದಲನೆಯದಕ್ಕೆ. ಬ್ರೇಕು ತಡವಾಗಿ ಹಿಡಿದ ಕಾರು ತಿರುವು ಬಿಟ್ಟು ನೇರ ತಡೆಗೋಡೆಯ ಕಡೆ ಹೋಗುತ್ತದೆ. ಸಾಮಾನ್ಯ ಕಾರುಗಳನ್ನು ಕಂಪನಿಗಳು ಬೇಕೆಂದೇ ಅಂಡರ್‌ಸ್ಟಿಯರ್ ಕಡೆಗೆ ವಾಲಿಸಿರುತ್ತವೆ. ಗಾಬರಿಯಾದವನು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆ ಜಾರು ತಾನಾಗಿ ತಗ್ಗುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಎರಡರ ನಡುವಿನ ಸಮತೂಕ ಬೇಕು. "ನ್ಯೂಟ್ರಲ್" ಎಂದು ಪತ್ರಿಕೆ ಹೊಗಳಿದರೆ ಅದರ ಅರ್ಥ ಇದು.

ಟ್ರ್ಯಾಕಿನ ಸಮಯ, ಟಯರಿನ ಗುಟ್ಟು

ವೇಗ, ಬ್ರೇಕು, ತಿರುವು ಎಲ್ಲವೂ ಒಟ್ಟಾಗುವುದು ರೇಸ್ ಟ್ರ್ಯಾಕಿನಲ್ಲಿ. ಕಾರ್ ಆ್ಯಂಡ್ ಡ್ರೈವರ್ 2006ರಿಂದ ವರ್ಜೀನಿಯಾದ ಟ್ರ್ಯಾಕೊಂದರಲ್ಲಿ 'ಲೈಟ್ನಿಂಗ್ ಲ್ಯಾಪ್' ಎಂಬ ಸುತ್ತಿನ ಸಮಯದ ಪರೀಕ್ಷೆ ನಡೆಸುತ್ತ ಬಂದಿದೆ. ಭಾರತದಲ್ಲಿ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ, ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್ ಇವೆ. ಆದರೆ ಜಗತ್ತು ಕಣ್ಣಿಟ್ಟಿರುವುದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಮೇಲೆ. ಕಾಡುಬೆಟ್ಟದ ನಡುವೆ 20.8 ಕಿ.ಮೀ. ಉದ್ದ, ಎಪ್ಪತ್ತಕ್ಕೂ ಹೆಚ್ಚು ತಿರುವು.

ಅಲ್ಲಿಯ ಸಮಯವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಪೋರ್ಷೆ 911 ಜಿಟಿ3 ಅಲ್ಲಿ ಓಡಿದ್ದನ್ನು 2021ರಲ್ಲಿ ಪ್ರಕಟಿಸುವಾಗ ಕಂಪನಿಯೇ ಎರಡು ಸಮಯ ಕೊಟ್ಟಿತು: ಪೂರ್ತಿ ಸುತ್ತಿಗೆ 6 ನಿಮಿಷ 59.927 ಸೆಕೆಂಡು, ಹಳೆಯ ರೂಢಿಯಂತೆ ಕೊನೆಯ ಸಣ್ಣ ತುಂಡು ಬಿಟ್ಟು 20.6 ಕಿ.ಮೀ.ಗೆ 6 ನಿಮಿಷ 55.34 ಸೆಕೆಂಡು. ಕಾರು ಒಂದು, ಓಟ ಒಂದು, ಅಂಕೆ ಎರಡು. 2008ರಲ್ಲಿ ನಿಸಾನ್ ತನ್ನ ಜಿಟಿ-ಆರ್ ಕಾರಿನ ಸಮಯ 7 ನಿಮಿಷ 29 ಸೆಕೆಂಡು ಎಂದು ಪ್ರಕಟಿಸಿತು. ಪೋರ್ಷೆಯವರು ತಾವೇ ಒಂದು ಜಿಟಿ-ಆರ್ ಕೊಂಡು ಓಡಿಸಿ, ತಮಗೆ ಸಿಕ್ಕಿದ್ದು 7 ನಿಮಿಷ 54 ಸೆಕೆಂಡು ಎಂದರು. ಮಾಮೂಲಿ ಕಾರಿನಲ್ಲಿ ಆ ಸಮಯ ಸಾಧ್ಯವೇ ಎಂಬುದು ಅವರ ಸಂಶಯ. ನಿಸಾನ್ ಅದನ್ನು ತಳ್ಳಿಹಾಕಿತು. 25 ಸೆಕೆಂಡಿನ ಅಂತರ ಚಾಲಕನದೋ, ಟಯರಿನದೋ, ಹವೆಯದೋ ಎಂದು ಓದುಗರು ವರ್ಷಗಟ್ಟಲೆ ಚರ್ಚಿಸಿದರು.

ಟಯರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಎಷ್ಟೇ ಶಕ್ತಿಯ ಕಾರಾದರೂ ನೆಲಕ್ಕೆ ತಾಗುವುದು ನಾಲ್ಕು ಕಡೆ, ಒಂದೊಂದು ಕಡೆಯೂ ಹೆಚ್ಚುಕಮ್ಮಿ ಅಂಗೈಯಷ್ಟು ರಬ್ಬರು. ಆ ರಬ್ಬರು ಮೆತ್ತಗಿದ್ದರೆ ಡಾಂಬರಿಗೆ ಕಚ್ಚಿಕೊಳ್ಳುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯಿದ್ದರೆ ಬಾಳಿಕೆ ಜಾಸ್ತಿ, ಹಿಡಿತ ಕಡಿಮೆ. ಅಮೆರಿಕದ ನಿಯಮಕ್ಕೆ ಹೊಂದುವ ಟಯರುಗಳ ಬದಿಯಲ್ಲಿ ಟ್ರೆಡ್‌ವೇರ್ ಎಂಬ ಒಂದು ಸಂಖ್ಯೆ ಅಚ್ಚೊತ್ತಿರುತ್ತದೆ. ಟ್ರ್ಯಾಕಿಗೆಂದೇ ಮಾಡಿದ ಮಿಷೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಟಯರಿಗೆ ಅದು 180, ರಸ್ತೆಗೆ ಮಾಡಿದ ಪೈಲಟ್ ಸ್ಪೋರ್ಟ್ 4ಎಸ್‌ಗೆ 300. ಸಂಖ್ಯೆ ಇಳಿದಷ್ಟೂ ಸವೆತ ಹೆಚ್ಚು, ಸಾಮಾನ್ಯವಾಗಿ ಹಿಡಿತವೂ ಹೆಚ್ಚು. ಒಂದೇ ಕಾರಿಗೆ ಈ ಎರಡನ್ನು ಬದಲಿಸಿ ಹಾಕಿದರೆ ಟ್ರ್ಯಾಕಿನ ಸಮಯದಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ವ್ಯತ್ಯಾಸ ಬರುತ್ತದೆ. ಆದರೆ ಟ್ರ್ಯಾಕಿನ ಟಯರಿಗೆ ನೀರು ಹೊರಹಾಕುವ ಗೀರುಗಳು ಕಡಿಮೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಮ್ಮೂರಲ್ಲಿ, ಹೆದ್ದಾರಿ 66ರಲ್ಲಿ ನಿಂತ ನೀರಿನ ಮೇಲೆ ಅದು ತೇಲಿಹೋಗುತ್ತದೆ. ಹಾಗಾಗಿ ಹೋಲಿಕೆಯ ಪುಟದಲ್ಲಿ ಟಯರಿನ ಹೆಸರು ಎಷ್ಟೇ ಸಣ್ಣ ಅಕ್ಷರದಲ್ಲಿದ್ದರೂ ಹುಡುಕಿ ಓದಬೇಕು.

ಗಡಿಯಾರಕ್ಕೆ ಸಿಗದದ್ದು

ಕಂಬಳದ ಕನೆಹಲಗೆ ವಿಭಾಗದಲ್ಲಿ ಗೆಲ್ಲಲು ಮೊದಲು ಮುಟ್ಟಬೇಕೆಂದಿಲ್ಲ. ಹಲಗೆಯ ತೂತಿನಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ತಾಗಿತೇ ಎಂಬುದೇ ಅಲ್ಲಿ ಲೆಕ್ಕ. ಅದೇ ಕೆಸರು, ಅದೇ ಕೋಣಗಳು, ತೀರ್ಪಿನ ಮಾನ ಮಾತ್ರ ಪೂರ್ತಿ ಬೇರೆ.

ಸ್ಪೋರ್ಟ್ಸ್ ಕಾರಿಗೂ ಇಂಥದೊಂದು ಎರಡನೆಯ ಮಾನ ಉಂಟು. ಟಯರಿನ ಕೆಳಗೆ ಮರಳಿದೆ, ಒದ್ದೆಯಿದೆ, ಹಿಡಿತ ಮುಗಿಯುತ್ತ ಬಂತು ಎಂಬ ಸುದ್ದಿಯನ್ನು ಸ್ಟೀರಿಂಗ್ ಕೈಗೆ ಮುಟ್ಟಿಸುತ್ತದೆಯೇ? ಇದನ್ನೇ ಪತ್ರಿಕೆಗಳು ಸ್ಟೀರಿಂಗ್ ಫೀಲ್ ಎನ್ನುವುದು. ಬ್ರೇಕ್ ಪೆಡಲ್ ಒತ್ತಿದಷ್ಟಕ್ಕೇ ಹಿಡಿಯುತ್ತದೆಯೇ, ಗೇರು ಕೈಗೆ ಸಲೀಸಾಗಿ ಬೀಳುತ್ತದೆಯೇ, ತಿರುವಿನ ನಡುವೆ ಗುಂಡಿ ಬಂದರೆ ಕಾರು ಗಾಬರಿಗೊಳ್ಳುತ್ತದೆಯೇ? ಇವಕ್ಕೆ ಮಾಪನಯಂತ್ರ ಇಲ್ಲ, ಮನುಷ್ಯನೇ ಬೇಕು. ಅದಕ್ಕೇ ಮೂರು ನಾಲ್ಕು ಪರೀಕ್ಷಕರು ಒಂದೇ ಗುಡ್ಡಗಾಡು ರಸ್ತೆಯಲ್ಲಿ, ಒಂದೇ ದಿನ, ಕಾರಿನಿಂದ ಕಾರಿಗೆ ಇಳಿದು ಹತ್ತುತ್ತಾರೆ. ಹೀಗೆ ಬೆನ್ನುಬೆನ್ನಿಗೆ ಓಡಿಸುವುದರಲ್ಲೇ ಹೋಲಿಕೆಯ ಜೀವ ಇರುವುದು. ಒಂದು ಕಾರನ್ನು ಇಂದು, ಇನ್ನೊಂದನ್ನು ಮುಂದಿನ ತಿಂಗಳು ಓಡಿಸಿದರೆ ಕೈಯ ನೆನಪು ಅಷ್ಟು ದಿನ ಉಳಿಯುವುದಿಲ್ಲ. ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಟಿಪ್ಪಣಿ ಬರೆದು ಆಮೇಲೆ ಕೂತು ಚರ್ಚಿಸುತ್ತಾರೆ.

ಕೊನೆಗೆ ಅಂಕದ ಪಟ್ಟಿ. ಕಾರ್ ಆ್ಯಂಡ್ ಡ್ರೈವರ್ ಪಟ್ಟಿಯಲ್ಲಿ ಎಂಜಿನ್, ಬ್ರೇಕು, ಜಾಗ, ಬೆಲೆಗಳ ಜೊತೆ ಓಡಿಸುವ ಖುಷಿಗೆ ಬೇರೆ ಅಂಕ, 'ಇದು ನನಗೆ ಬೇಕೇ ಬೇಕು' ಎನ್ನಿಸುವುದಕ್ಕೂ ಬೇರೆ ಅಂಕ ಇರುತ್ತಿತ್ತು. ಆಸೆಗೂ ಒಂದು ಖಾನೆ ಇಟ್ಟದ್ದು ನನಗೆ ಒಳ್ಳೆಯದೇ ಅನಿಸುತ್ತದೆ. ಇಲ್ಲದಿದ್ದರೆ ಅದು ಬೇರೆ ಖಾನೆಗಳೊಳಗೆ ಕದ್ದು ನುಸುಳುತ್ತಿತ್ತು.

ಎರಡು ಪತ್ರಿಕೆಗಳ ತೀರ್ಪು ತಿರುವುಮುರುವಾಗುವುದು ಹೆಚ್ಚಾಗಿ ಈ ಪಟ್ಟಿಯಲ್ಲೇ. ಒಂದು ಉದಾಹರಣೆ ಮಾಡಿಕೊಳ್ಳೋಣ. ಮೊದಲ ಕಾರಿಗೆ ಚಾಲನೆಯಲ್ಲಿ 9, ದಿನಬಳಕೆಯಲ್ಲಿ 6. ಎರಡನೆಯದಕ್ಕೆ ಚಾಲನೆಯಲ್ಲಿ 7, ದಿನಬಳಕೆಯಲ್ಲಿ 9. ಚಾಲನೆಗೆ ಶೇ. 70 ತೂಕ ಕೊಡುವ ಪತ್ರಿಕೆಯಲ್ಲಿ ಮೊದಲನೆಯದು 8.1, ಎರಡನೆಯದು 7.6. ಎರಡಕ್ಕೂ ಸಮ ತೂಕ ಕೊಡುವ ಪತ್ರಿಕೆಯಲ್ಲಿ ಮೊದಲನೆಯದು 7.5, ಎರಡನೆಯದು 8. ಪರೀಕ್ಷಕರು ಕೊಟ್ಟ ಅಂಕ ಒಂದೂ ಬದಲಾಗಿಲ್ಲ, ಗೆದ್ದವರು ಬದಲಾದರು. ನಮ್ಮ ದೇಶದ ಪತ್ರಿಕೆಯಾದರೆ ದಿನಬಳಕೆಯ ಖಾನೆಯಲ್ಲಿ ರಸ್ತೆಯ ಹಂಪೂ ಬರುತ್ತದೆ. ನೆಲದಿಂದ 120 ಮಿ.ಮೀ. ಎತ್ತರದ ಕಾರಿನ ಹೊಟ್ಟೆ ನಮ್ಮ ಹಂಪುಗಳಿಗೆ ಉಜ್ಜದೆ ಉಳಿಯುವುದು ಕಷ್ಟ. ಜರ್ಮನಿಯ ಪತ್ರಿಕೆಗೆ ಅದು ಹೊಳೆಯಲಿಕ್ಕಿಲ್ಲ.

ಪರೀಕ್ಷೆಗೆ ಕಾರು ಕೊಡುವವರು ಯಾರು?

ಹೆಚ್ಚಿನ ಸಲ ತಯಾರಕ ಕಂಪನಿಯೇ. ಪತ್ರಿಕೆ ಪ್ರತಿ ಕಾರನ್ನೂ ದುಡ್ಡು ಕೊಟ್ಟು ಕೊಳ್ಳಲಾರದು. ಹಾಗಾಗಿ ಪರೀಕ್ಷೆಗೆ ಬರುವ ಕಾರು ಚೆನ್ನಾಗಿ ತಯಾರಾದದ್ದೇ ಆಗಿರುತ್ತದೆ.

ಇದರ ಪ್ರಸಿದ್ಧ ಕಥೆ 1964ರದು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಕಾರ್ ಆ್ಯಂಡ್ ಡ್ರೈವರ್ ಪಾಂಟಿಯಾಕ್ ಜಿಟಿಒ ಕಾರನ್ನು ಫೆರಾರಿ ಜಿಟಿಒಗೆ ಎದುರು ನಿಲ್ಲಿಸಿ ಮುಖಪುಟ ಮಾಡಿತು. ಪಾಂಟಿಯಾಕ್ 60 ಮೈಲಿ ವೇಗಕ್ಕೆ 4.6 ಸೆಕೆಂಡು ಎಂದು ಬರೆದರು. ಆ ಕಾಲಕ್ಕೆ ಅದು ನಂಬಲಾಗದ ವೇಗ. ಆ ಕಾರಿನ ಹೆಸರು ಮನೆಮಾತಾಯಿತು. ಹಲವು ವರ್ಷಗಳ ನಂತರ, ಪಾಂಟಿಯಾಕ್ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಅವರೇ ನಿಜ ಬಿಚ್ಚಿಟ್ಟರು: ಕಾರಿನೊಳಗೆ ಇದ್ದದ್ದು ಅಂಗಡಿಯಲ್ಲಿ ಸಿಗುವ 389 ಘನ ಅಂಗುಲದ ಎಂಜಿನ್ ಅಲ್ಲ, 421ರ ದೊಡ್ಡ ಎಂಜಿನ್. ಮೇಲಾಗಿ ಪತ್ರಿಕೆಗೆ ಎದುರು ಓಡಿಸಲು ಫೆರಾರಿ ಸಿಕ್ಕಿರಲೇ ಇಲ್ಲ.

ಇದಾದ ಮೇಲೆ ಪರೀಕ್ಷಕರ ಕಣ್ಣು ಚುರುಕಾಯಿತು. ಕಾರಿನ ತೂಕ, ಟಯರು ಯಾವುದು, ಅದರ ಗಾಳಿ ಎಷ್ಟು, ಯಾವ ಐಚ್ಛಿಕ ಭಾಗಗಳನ್ನು ಹಾಕಲಾಗಿದೆ ಎಂಬುದನ್ನೆಲ್ಲ ಇಂದು ಒಳ್ಳೆಯ ಪತ್ರಿಕೆಗಳು ತಾವೇ ನೋಡಿ ಅಚ್ಚು ಹಾಕುತ್ತವೆ. ಅಷ್ಟು ವಿವರ ಕೊಡದೆ ಬರೀ ತೀರ್ಪು ಕೊಡುವ ಪುಟವನ್ನು ನಾನು ಜಾಹೀರಾತಿನಂತೆಯೇ ಓದುತ್ತೇನೆ.

ಅಕ್ಕನ ಮಗನ ಕಾರು

ಇಷ್ಟೆಲ್ಲ ಮಾತಾಡಿದ ಮೇಲೆ ಆ ಎರಡು ಪುಟಗಳನ್ನು ಇಬ್ಬರೂ ಕೂತು ಮೊದಲಿನಿಂದ ಓದಿದೆವು. ಮೊದಲ ಸ್ಥಾನ ಕೊಟ್ಟ ಪತ್ರಿಕೆ ಪರೀಕ್ಷೆ ನಡೆಸಿದ್ದು ಒಣ ಟ್ರ್ಯಾಕಿನಲ್ಲಿ, ಕಾರಿಗೆ ಹಾಕಿದ್ದು ಕಪ್ 2 ಟಯರು. ಮೂರನೆಯ ಸ್ಥಾನ ಕೊಟ್ಟವರು ಓಡಿಸಿದ್ದು ಸಾಮಾನ್ಯ ರಸ್ತೆಯಲ್ಲಿ ಎರಡು ದಿನ, ಒಂದು ದಿನ ಮಳೆ, ರಸ್ತೆಯ ಟಯರು. ಸಸ್ಪೆನ್ಷನ್ ಬಿಗಿ, ಹೆದ್ದಾರಿಯಲ್ಲಿ ಟಯರಿನ ಸದ್ದು ಜಾಸ್ತಿ ಎಂದು ಅವರು ಅಂಕ ಕಳೆದಿದ್ದರು.

"ನೀನು ಅಲ್ಲಿ ಟ್ರ್ಯಾಕಿಗೆ ಹೋಗುವುದುಂಟಾ?" ಅಂತ ಕೇಳಿದೆ.

"ಇಲ್ಲ ಮಾಮ. ಆಫೀಸಿಗೆ, ಮತ್ತೆ ಶನಿವಾರ ಭಾನುವಾರ ಹತ್ತಾ ಎಂಬ ಊರಿನ ಬೆಟ್ಟದ ರಸ್ತೆಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾರು ಮಾರುವವನಿಗೆ ಒಂದು ಮೆಸೇಜು ಕಳಿಸಿದ: ಟಯರಿನ ಬದಿಯದೊಂದು ಫೋಟೋ ಬೇಕು. ಮರುದಿನ ಬೆಳಗ್ಗೆ ನೀರುದೋಸೆ ತಿನ್ನುವಾಗ ಉತ್ತರ ಬಂತು. ಮರಳಿನ ಧೂಳು ಹಿಡಿದ ಕಪ್ಪು ರಬ್ಬರಿನ ಮೇಲೆ ಉಬ್ಬಿದ ಅಕ್ಷರಗಳು. ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದ. ಟ್ರೆಡ್‌ವೇರ್ 300 ಎಂದಿತ್ತು.

"ಹಾಗಾದರೆ ನನ್ನ ಕಾರಿನ ವಿಷಯ ಬರೆದದ್ದು ಆ ಎರಡನೆಯವರು" ಅಂದ. ಕೈ ತೊಳೆದು ಬಂದು, ಆ ಪುಟವನ್ನೇ ಮತ್ತೆ ತೆರೆದು ಮೊದಲ ಸಾಲಿನಿಂದ ಓದಲು ಕೂತ.